ಪ್ರತಿಕೃತಿ ಮತ್ತು ಪ್ರಮಾಣ

'ಪ್ರಮಾಣ' ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಅಳತೆ ಎಂಬುದು ಒಂದು; ತಿಳಿವಳಿಕೆಗೆ ಆಧಾರವಾದ ಸಾಕ್ಷ್ಯ ಎಂಬುದು ಮತ್ತೊಂದು. ಮೊದಲನೆಯದು ಬಡಗಿಯ ವ್ಯವಹಾರಕ್ಕೆ ಬೇಕಾದುದು, ಎರಡನೆಯದು ತಾರ್ಕಿಕನ ವಾದಕ್ಕೆ ಬೇಕಾದುದು ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಎರಡೂ ಅರ್ಥಗಳು ಅಳೆಯುವುದೆಂಬ ಅರ್ಥವುಳ್ಳ 'ಮಾ' ಧಾತುವಿನಿಂದಲೇ ಹೊರಟವು. ಅಳೆಯುವವನಿಗೂ ಅರಿಯುವವನಿಗೂ ಬೇಕಾದ ಶಿಸ್ತು ಒಂದೇ ಎಂಬುದಕ್ಕೆ, ನಿಡೋಣಿಯ ನಿವೃತ್ತ ಕೈಗೆಲಸದ ಶಿಕ್ಷಕರೊಬ್ಬರು ಯುದ್ಧನೌಕೆಯೊಂದರ ಪ್ರತಿಕೃತಿಯನ್ನು ನಿರ್ಮಿಸಹೊರಟ ಪ್ರಸಂಗವು ಉತ್ತಮ ನಿದರ್ಶನವಾಗಿದೆ.

ಬಬಲೇಶ್ವರ ತಾಲೂಕಿನ ನಿಡೋಣಿ ಜೋಳದ ನೆಲ, ಎರೆಮಣ್ಣಿನ ಊರು. ಕಡಲು ಅಲ್ಲಿಂದ ಬಹುದೂರ. ಆದರೂ ಊರಿನ ಹೆಸರಿನಲ್ಲಿ 'ದೋಣಿ'ಯ ಧ್ವನಿ ಕೇಳಿಬರುವುದರಿಂದ ಮಕ್ಕಳಿಗೆ ಅದೊಂದು ವಿನೋದ. ಜಿಲ್ಲೆಯಲ್ಲಿ ಹರಿಯುವ ಡೋಣಿ ನದಿಯ ಹೆಸರೂ ಈ ವಿನೋದಕ್ಕೆ ನೆರವಾಗುತ್ತದೆ. ಆದರೆ ವ್ಯಾಕರಣ ಬಲ್ಲವರು ಈ ಹೆಸರನ್ನು ಕೇಳಿದೊಡನೆ 'ನಿಡು' ಮತ್ತು 'ಓಣಿ' ಎಂದು ಬಿಡಿಸಲು ತೊಡಗುತ್ತಾರೆ. ಲೋಪಸಂಧಿಗೆ ಅದು ಸರಿಯಾಗಿ ಒಪ್ಪುತ್ತದೆ. ಹಾಗೆಂದು ಊರಿಗೆ ಆ ಹೆಸರು ಆ ಕಾರಣದಿಂದಲೇ ಬಂದಿತೆಂದು ಹೇಳಲಾಗದು. ಸಂಧಿ ಒಪ್ಪುವುದು ಒಂದು ಮಾತು, ಇತಿಹಾಸ ಒಪ್ಪುವುದು ಇನ್ನೊಂದು ಮಾತು. ಹೋಲಿಕೆಯನ್ನು ಸಾಕ್ಷ್ಯವೆಂದು ಬಗೆಯಬಾರದೆಂಬ ಈ ಎಚ್ಚರವೇ ಮುಂದೆ ಆ ಶಿಕ್ಷಕರ ಕೆಲಸಕ್ಕೂ ದಾರಿದೀಪವಾಯಿತು.

ಅವರಿಂದ ಉಳಿ ಹಿಡಿಯಲು ಕಲಿತ ವಿದ್ಯಾರ್ಥಿಯೊಬ್ಬನು ಈಗ ಪುಣೆಯಲ್ಲಿ ಉದ್ಯಮ ನಡೆಸುತ್ತಿದ್ದಾನೆ. ತಾನು ಓದಿದ ಶಾಲೆಯ ಪ್ರದರ್ಶನದ ಕೋಣೆಗೆ ಗಾಜಿನ ಕಪಾಟೊಂದನ್ನು ಮಾಡಿಸಿಕೊಟ್ಟು, ಅದರಲ್ಲಿ ಒಂದು ಯುದ್ಧನೌಕೆಯ ಮಾದರಿ ಇರಬೇಕೆಂದು ಆತನು ಅಪೇಕ್ಷಿಸಿದನು. ತೇಗದ ಹಲಗೆಯ ಖರ್ಚನ್ನೂ ತಾನೇ ವಹಿಸಿಕೊಂಡನು. ಕಾರವಾರಕ್ಕೆ ಹೋದಾಗ ಅಲ್ಲಿಯ ರವೀಂದ್ರನಾಥ ಟಾಗೋರ ಕಡಲತೀರದಲ್ಲಿ ನಿಲ್ಲಿಸಿರುವ 'ಚಪಲ್' ಎಂಬ ನೌಕೆಯನ್ನು ಆತನು ಕುಟುಂಬಸಮೇತನಾಗಿ ನೋಡಿ ಬಂದಿದ್ದನು. 1971ರ ಯುದ್ಧದಲ್ಲಿ ಕರಾಚಿಯ ಮೇಲೆ ಎರಗಿದ ನೌಕೆ ಅದೇ ಎಂಬುದು ಆತನ ದೃಢವಾದ ನಂಬಿಕೆ. ಹಲವು ಪ್ರವಾಸಿ ಬರಹಗಳಲ್ಲಿಯೂ ಆ ಮಾತು ಪದೇಪದೇ ಅಚ್ಚಾಗಿದೆ. ಫಲಕದ ಒಕ್ಕಣೆಯನ್ನೂ ಆತನೇ ಬರೆದು ಕಳುಹಿಸಿದನು: ಮೇಲೆ ನೌಕೆಯ ಹೆಸರು, ಕೆಳಗೆ 'ಕರಾಚಿ ವಿಜಯ, 1971'.

ಶಿಕ್ಷಕರು ಉಳಿ ಹಿಡಿಯುವ ಮುನ್ನ ಲೇಖನಿ ಹಿಡಿದರು. ಮೊದಲು ಬೇಕಾದುದು ಅಳತೆ. ನೌಕೆಯ ಉದ್ದ 38.6 ಮೀಟರ್, ಅಗಲ 7.6 ಮೀಟರ್. ಐವತ್ತನೆಯ ಒಂದು ಭಾಗದ ಪ್ರಮಾಣದಲ್ಲಿ ಮಾಡಿದರೆ ಉದ್ದ 77.2 ಸೆಂಟಿಮೀಟರ್, ಅಗಲ 15.2 ಸೆಂಟಿಮೀಟರ್. ಈ ಪ್ರಮಾಣದಲ್ಲಿ ಮಾದರಿಯ ಒಂದು ಮಿಲಿಮೀಟರ್ ತಪ್ಪಿದರೆ ನಿಜದ ನೌಕೆಯಲ್ಲಿ ಐದು ಸೆಂಟಿಮೀಟರ್ ತಪ್ಪಿದಂತೆ. ಮುಂದೆ ಒಂದು, ಹಿಂದೆ ಒಂದರಂತೆ ಇರುವ 30 ಮಿಲಿಮೀಟರಿನ ಜೋಡಿ ಫಿರಂಗಿಗಳ ಬಾಯಿ ಇಲ್ಲಿ ಕೇವಲ 0.6 ಮಿಲಿಮೀಟರ್; ಸೂಜಿಯ ದಪ್ಪ. ಇಷ್ಟು ಸೂಕ್ಷ್ಮವನ್ನು ಕೈ ಸಾಧಿಸಬಲ್ಲುದು. ಆದರೆ ಕೈಗೆ ಏನನ್ನು ಸಾಧಿಸಬೇಕೆಂದು ಹೇಳಿಕೊಡುವ ತಿಳಿವಳಿಕೆ ತಪ್ಪಿದರೆ, ಕೈಯ ನಯವೆಲ್ಲವೂ ತಪ್ಪನ್ನೇ ಸುಂದರಗೊಳಿಸುತ್ತದೆ.

ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದವೆಂಬ ಪ್ರಮಾಣಗಳನ್ನು ಹೇಳಿದ್ದಾರೆ. ಶಿಕ್ಷಕರು ಮೊದಲು ಪ್ರತ್ಯಕ್ಷವನ್ನೇ ನೆಚ್ಚಿ ಕಾರವಾರಕ್ಕೆ ಹೋದರು. ಚಪಲ್ ನೌಕೆಯನ್ನು 2006ರಿಂದ ಅಲ್ಲಿ ವಸ್ತುಸಂಗ್ರಹಾಲಯವಾಗಿ ಕಾಪಾಡಲಾಗಿದೆ. ನೆಲದ ಮೇಲೆ ನಿಂತ ನೌಕೆಯಾದುದರಿಂದ, ತೇಲುವ ಹಡಗಿನಲ್ಲಿ ನೀರು ಮರೆಮಾಡುವ ಒಡಲೂ ಅಲ್ಲಿ ಕಣ್ಣಿಗೆ ಬೀಳುತ್ತದೆ. ಮಾದರಿಕಾರನಿಗೆ ಅದೊಂದು ಭಾಗ್ಯವೇ ಸರಿ. ಅವರು ಮೂತಿಯ ಏರಿಳಿತವನ್ನೂ ಹಿಂಬದಿಯ ಚಪ್ಪಟೆತನವನ್ನೂ ಗುರುತು ಹಾಕಿಕೊಂಡರು. ಅಟ್ಟದ ಇಕ್ಕೆಲಗಳಲ್ಲಿ ಎರಡೆರಡರಂತೆ ಇದ್ದ ನಾಲ್ಕು ಕ್ಷಿಪಣಿಗೂಡುಗಳನ್ನು ನಾಲ್ಕು ದಿಕ್ಕಿನಿಂದ ಚಿತ್ರಿಸಿಕೊಂಡರು. ಹಿಂದಿನ ಜೋಡಿ ಮುಂದಿನ ಜೋಡಿಗಿಂತ ತುಸು ಹೆಚ್ಚು ಮೇಲಕ್ಕೆತ್ತಿರುವುದನ್ನು ಕಂಡು, ಹಿಂದಿನ ಕ್ಷಿಪಣಿ ಮುಂದಿನ ಗೂಡನ್ನು ದಾಟಿ ಹಾರಬೇಕಲ್ಲವೇ ಎಂದು ಅದರ ಕಾರಣವನ್ನೂ ಊಹಿಸಿಕೊಂಡರು. ಆ ಗೂಡುಗಳು ದುಂಡನೆಯ ಕೊಳವೆಗಳು. ಊರಿಗೆ ಮರಳಿದವರೇ ಒಡಲನ್ನು ಕೆತ್ತಿ, ನಾಲ್ಕು ಕೊಳವೆಗಳನ್ನು ಕಡೆದು, ನಯಗೊಳಿಸಿ ಇಟ್ಟರು.

ಇನ್ನು ಶಬ್ದಪ್ರಮಾಣ, ಎಂದರೆ ಬಲ್ಲವರ ಬರಹ. ಯುದ್ಧಕಾಲದಲ್ಲಿ ಪಶ್ಚಿಮ ನೌಕಾದಳದ ಕಾರ್ಯಾಚರಣೆಯ ಅಧಿಕಾರಿಯಾಗಿದ್ದು, ಮುಂದೆ ವೈಸ್ ಅಡ್ಮಿರಲ್ ಪದವಿಗೇರಿದ ಜಿ.ಎಂ. ಹೀರಾನಂದಾನಿಯವರು 1965ರಿಂದ 1975ರವರೆಗಿನ ಭಾರತೀಯ ನೌಕಾಪಡೆಯ ಇತಿಹಾಸವನ್ನು 'ಟ್ರಾನ್ಸಿಷನ್ ಟು ಟ್ರಯಂಫ್' ಎಂಬ ಗ್ರಂಥದಲ್ಲಿ ಬರೆದಿದ್ದಾರೆ. ಭಾರತವು ಸೋವಿಯತ್ ಒಕ್ಕೂಟದಿಂದ ಎಂಟು ಕ್ಷಿಪಣಿ ದೋಣಿಗಳನ್ನು ತರಿಸಿಕೊಂಡಿತು. ಅವು 1971ರಲ್ಲಿ ಬಂದು ಸೇರಿದವು. ಅಷ್ಟು ಭಾರವನ್ನು ಎತ್ತಿ ಇಳಿಸುವ ಯಂತ್ರ ಮುಂಬಯಿಯಲ್ಲಿ ಇಲ್ಲದ್ದರಿಂದ ಅವುಗಳನ್ನು ಕಲಕತ್ತೆಯಲ್ಲಿ ಇಳಿಸಿ, ಭರತಖಂಡದ ದಕ್ಷಿಣ ತುದಿಯನ್ನು ಬಳಸಿ, ಬೇರೆ ಹಡಗುಗಳಿಂದ ಎಳೆಯಿಸಿಕೊಂಡು ಮುಂಬಯಿಗೆ ತಂದರು. ರಷ್ಯನ್ನರು ಪ್ರಾಜೆಕ್ಟ್ 205 ಎಂದು ಕರೆದ ಈ ವರ್ಗಕ್ಕೆ ಪಾಶ್ಚಾತ್ಯ ಸೇನೆಗಳು 'ಓಸಾ' ಎಂದು ಹೆಸರಿಟ್ಟವು. ರಷ್ಯನ್ ಭಾಷೆಯಲ್ಲಿ ಅದಕ್ಕೆ ಕಡಜವೆಂದು ಅರ್ಥ. ಚಿಕ್ಕ ದೇಹ, ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗ, ದೊಡ್ಡ ಕೊಂಡಿ. ಸ್ವಂತ ಕರಾವಳಿಯ ಕಾವಲಿಗೆಂದು ರಚಿತವಾದ ಈ ದೋಣಿಗಳನ್ನು ಶತ್ರುವಿನ ಬಂದರಿನ ಬಾಗಿಲಿಗೇ ಒಯ್ದದ್ದು ಭಾರತದ ನಾವಿಕರ ಸಾಹಸ.

1971ರ ಡಿಸೆಂಬರ್ 4ರ ರಾತ್ರಿ 'ಟ್ರೈಡೆಂಟ್' ಕಾರ್ಯಾಚರಣೆಯಲ್ಲಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು, ಕಿಲ್ತಾನ್ ಮತ್ತು ಕಚ್ಛಲ್ ನೌಕೆಗಳ ಜೊತೆಯಲ್ಲಿ, ಕರಾಚಿಯ ಕಡೆಗೆ ನುಗ್ಗಿದವು. ದೋಣಿಗಳ ದಳಪತಿ ಕಮಾಂಡರ್ ಬಬ್ರು ಭಾನ್ ಯಾದವ್. ಪಾಕಿಸ್ತಾನದ ಖೈಬರ್ ಎಂಬ ವಿಧ್ವಂಸಕ ನೌಕೆಯೂ ಮುಹಾಫಿಜ್ ಎಂಬ ಕಡಲಸಿಡಿಮದ್ದು ನಿವಾರಕ ನೌಕೆಯೂ ಆ ರಾತ್ರಿ ಮುಳುಗಿದವು. ನಾಲ್ಕು ದಿನ ಕಳೆದು, ಡಿಸೆಂಬರ್ 8ರ ರಾತ್ರಿ, 'ಪೈಥಾನ್' ಕಾರ್ಯಾಚರಣೆಯಲ್ಲಿ ವಿನಾಶ್ ಎಂಬ ಒಂದೇ ದೋಣಿ, ತಲ್ವಾರ್ ಮತ್ತು ತ್ರಿಶೂಲ್ ನೌಕೆಗಳೊಂದಿಗೆ ಹೋಗಿ ತನ್ನ ನಾಲ್ಕೂ ಕ್ಷಿಪಣಿಗಳನ್ನು ಹಾರಿಸಿತು. ಕೆಮಾರಿಯ ತೈಲಾಗಾರ ಹೊತ್ತಿ ಉರಿಯಿತು. ಡಿಸೆಂಬರ್ 4ನ್ನು ನೌಕಾಪಡೆಯ ದಿನವೆಂದು ಆಚರಿಸುವುದು ಇದರ ಸ್ಮರಣೆಗಾಗಿಯೇ.

ಈ ಹೆಸರುಗಳ ಸಾಲಿನಲ್ಲಿ ಚಪಲ್ ಇಲ್ಲ. ಇರುವುದು ಸಾಧ್ಯವೂ ಅಲ್ಲ. ಏಕೆಂದರೆ ಆ ನೌಕೆ ಸೇವೆಗೆ ಸೇರಿದುದೇ 1976ರ ನವೆಂಬರಿನಲ್ಲಿ. ಮೊದಲು ಬಂದ ಎಂಟು ದೋಣಿಗಳ ಮೈಮೇಲಿನ ಸಂಖ್ಯೆ ಕೆ 82ರಿಂದ ಕೆ 89ರವರೆಗೆ. ಯುದ್ಧದ ನಂತರ 1976–77ರಲ್ಲಿ ಬಂದ ಎರಡನೆಯ ಎಂಟು ದೋಣಿಗಳದು ಕೆ 90ರಿಂದ ಮುಂದೆ. ಚಪಲ್ ನೌಕೆಯ ಸಂಖ್ಯೆ ಕೆ 94. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ 'ವಿದ್ಯುತ್' ಮತ್ತು 'ಚಪಲಾ' ಎರಡೂ ಮಿಂಚಿನ ಹೆಸರುಗಳೆಂಬುದು ಗೊತ್ತು. ಆದರೆ ಕೋಶದಲ್ಲಿ ಪರ್ಯಾಯವಾದುದು ಕಡಲಲ್ಲಿ ಪರ್ಯಾಯವಲ್ಲ. ವಿದ್ಯುತ್ ಎಂಬ ದೋಣಿ ಮೊದಲನೆಯ ತಂಡದ್ದು, ಚಪಲ್ ಎರಡನೆಯ ತಂಡದ್ದು. ಇವೆರಡರ ನಡುವೆ ಒಂದು ಯುದ್ಧವೇ ಕಳೆದುಹೋಗಿದೆ.

ಹಾಗಿದ್ದರೂ ಒಂದೇ ವರ್ಗದ ದೋಣಿಗಳಲ್ಲವೇ, ಹೆಸರನ್ನಷ್ಟೇ ಬದಲಿಸಿದರೆ ಸಾಲದೇ ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ಅನುಮಾನಪ್ರಮಾಣದ ಕೆಲಸ. 1971ರಲ್ಲಿ ಬಳಸಿದ ಪಿ-15 ಎಂಬ ಕ್ಷಿಪಣಿಯ ಉದ್ದ 5.8 ಮೀಟರ್, ರೆಕ್ಕೆಗಳ ಹರವು 2.4 ಮೀಟರ್. ಆ ರೆಕ್ಕೆಗಳು ಮಡಚುವಂಥವಲ್ಲ. ಮಡಚದ ರೆಕ್ಕೆಯುಳ್ಳದ್ದು ಕುಳಿತುಕೊಳ್ಳಬೇಕಾದರೆ ಗೂಡು ರೆಕ್ಕೆಗಿಂತ ಅಗಲವಾಗಿರಲೇಬೇಕು. ಆದ್ದರಿಂದ ಮೊದಲನೆಯ ತಂಡದ ಗೂಡುಗಳು ದೊಡ್ಡ ಪೆಟ್ಟಿಗೆಗಳಂತೆ, ಚಪ್ಪಟೆ ಗೋಡೆಗಳುಳ್ಳವಾಗಿದ್ದವು. ಮುಂದೆ ಮಡಚುವ ರೆಕ್ಕೆಯ ಕ್ಷಿಪಣಿ ಬಂದಿತು. ಗೂಡು ದುಂಡನೆಯ ಕೊಳವೆಯಾಯಿತು. ಎರಡನೆಯ ತಂಡದ ಗುರುತೇ ಈ ಕೊಳವೆ. ಹೀಗೆ, ರೆಕ್ಕೆಯ ಒಂದು ಮಡಿಕೆಯು ನೌಕೆಯ ಇಡೀ ಮುಖಚರ್ಯೆಯನ್ನು ಬದಲಿಸಿತು. ಶಿಕ್ಷಕರು ಕಾರವಾರದಲ್ಲಿ ನೋಡಿ ಕಡೆದ ನಾಲ್ಕು ಕೊಳವೆಗಳು 1971ರ ಯಾವ ಭಾರತೀಯ ದೋಣಿಯ ಮೇಲೂ ಇರಲಿಲ್ಲ. ಒಡಲಿನ ಉದ್ದಗಲ ಎರಡೂ ತಂಡಗಳಿಗೆ ಸಮಾನವಾದುದರಿಂದ ಕೆತ್ತಿದ ಒಡಲು ಉಳಿಯಿತು; ಮೇಲಿನದೆಲ್ಲ ಮರಳಿ ಶೋಧಿಸಬೇಕಾಯಿತು.

ಪ್ರತ್ಯಕ್ಷವೂ ದಾರಿ ತಪ್ಪಿಸಬಲ್ಲುದೇ ಎಂದು ಕೆಲವರು ಕೇಳಬಹುದು. ಕಣ್ಣು ಕಂಡದ್ದು ಸುಳ್ಳಲ್ಲ. ಕಂಡದ್ದಕ್ಕೆ ಬುದ್ಧಿ ಕೊಟ್ಟ ಹೆಸರು ಸುಳ್ಳು. ಈ ಅಪಾಯ ಇಷ್ಟಕ್ಕೇ ಮುಗಿಯುವುದಿಲ್ಲ. ನೌಕಾಪಡೆಯಲ್ಲಿ ಹಳೆಯ ನೌಕೆ ನಿವೃತ್ತವಾದರೆ ಅದರ ಹೆಸರನ್ನು ಹೊಸದಕ್ಕೆ ಇಡುವ ಸಂಪ್ರದಾಯವಿದೆ. 1987ರಲ್ಲಿ ವೀರ್ ಎಂಬ ಹೆಸರಿನಿಂದ ಸೇವೆಗೆ ಸೇರಿದ ನೌಕೆ ಸುಮಾರು 56 ಮೀಟರ್ ಉದ್ದದ, ಬೇರೆಯೇ ವರ್ಗದ ನೌಕೆ. ನಿಪಾತ್, ನಿರ್ಘಾತ್, ವಿನಾಶ್ ಎಂಬ ಹೆಸರುಗಳೂ ಹೀಗೆ ಮರುಹುಟ್ಟು ಪಡೆದವು. ಹೆಸರನ್ನಷ್ಟೇ ಹಿಡಿದು ಛಾಯಾಚಿತ್ರ ಹುಡುಕುವವನಿಗೆ ತಂದೆಯ ಬದಲು ಮೊಮ್ಮಗನ ಚಿತ್ರ ದೊರೆಯುತ್ತದೆ. ಕನ್ನಡ ಸಾಹಿತ್ಯಚರಿತ್ರೆಯನ್ನು ಓದಿದವರಿಗೆ ಈ ತೊಡಕು ಹೊಸದೇನಲ್ಲ. ಛಂದೋಂಬುಧಿಯ ನಾಗವರ್ಮನೂ ಕಾವ್ಯಾವಲೋಕನದ ನಾಗವರ್ಮನೂ ಒಂದೇ ಹೆಸರಿನವರು; ಆದರೆ ಕಾಲ ಬೇರೆ, ಕೃತಿ ಬೇರೆ. ಇಬ್ಬರನ್ನೂ ಬೇರ್ಪಡಿಸಿ ಅವರವರ ಕೃತಿಯನ್ನು ಅವರವರಿಗೆ ಒಪ್ಪಿಸಲು ವಿದ್ವಾಂಸರು ಬಹಳ ಶ್ರಮಪಟ್ಟರು.

ಇಂತಹ ಶ್ರಮದ ಮಹಿಮೆಯನ್ನು ವಿಜಯಪುರದ ನೆಲಕ್ಕೆ ಹೇಳಿಕೊಡಬೇಕಾಗಿಲ್ಲ. ಫ.ಗು. ಹಳಕಟ್ಟಿಯವರು (1880–1964) ವಕೀಲಿ ವೃತ್ತಿಯ ನಡುವೆ ಮನೆಮನೆಗಳಿಂದಲೂ ಮಠಗಳಿಂದಲೂ ತಾಳೆಗರಿಯ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗವನ್ನು ಬೆಳಕಿಗೆ ತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಹಸ್ತಪ್ರತಿಗಳೊಡನೆ ವ್ಯವಹರಿಸುವವರೆಲ್ಲರೂ ಬಲ್ಲ ಸಂಗತಿಯೆಂದರೆ, ಪ್ರತಿ ಎಷ್ಟೇ ಅಂದವಾಗಿರಲಿ, ಅದು ಯಾವ ಕಾಲದ್ದು, ಅದನ್ನು ಯಾವ ಮೂಲದಿಂದ ಎತ್ತಿದರು ಎಂಬುದನ್ನು ಮೊದಲು ಕೇಳಬೇಕು. ಒಬ್ಬ ಶರಣನ ವಚನಕ್ಕೆ ಇನ್ನೊಬ್ಬನ ಅಂಕಿತ ಸೇರಿಕೊಂಡರೆ ಇಬ್ಬರಿಗೂ ಅನ್ಯಾಯ: ಒಬ್ಬನು ತನ್ನದನ್ನು ಕಳೆದುಕೊಳ್ಳುತ್ತಾನೆ, ಇನ್ನೊಬ್ಬನು ತನ್ನದಲ್ಲದ್ದನ್ನು ಹೊರುತ್ತಾನೆ.

ಈಗ ಶಿಕ್ಷಕರ ಮುಂದಿದ್ದ ಕಷ್ಟ ಮರದ್ದಲ್ಲ, ಮನುಷ್ಯನದ್ದು. ದಾನ ಕೊಟ್ಟವನು ಬರೆದು ಕಳುಹಿಸಿದ ಫಲಕವನ್ನು ಒಲ್ಲೆನೆನ್ನಬೇಕಾಗಿತ್ತು. ಫಲಕದಲ್ಲಿದ್ದ ಹೆಸರನ್ನು ಹಾಗೆಯೇ ಬಿಟ್ಟಿದ್ದರೆ ನಿಡೋಣಿಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಕಪಾಟೂ ತುಂಬುತ್ತಿತ್ತು, ದಾನಿಯೂ ಸಂತೋಷಪಡುತ್ತಿದ್ದನು. ಆತನು ಊರಿಗೆ ಬಂದಾಗ ಶಿಕ್ಷಕರು ವಿಷಯವನ್ನು ಮುಚ್ಚಿಡದೆ ಹೇಳಿದರು. ಆತನ ಮುಖ ಸಣ್ಣದಾಯಿತು.

"ಗುರುಗಳ, ನಾ ನನ್ನ ಕಣ್ಣಿಲೇ ನೋಡಿ ಬಂದೀನಲ್ರಿ" ಎಂದನು.

"ನೀ ನೋಡಿದ್ದು ಖರೇನಪಾ. ಆದ್ರ ನೋಡಿದ್ದು ಯಾವುದನ್ನ ಅನ್ನೂದು ಬ್ಯಾರೆ ಮಾತು" ಎಂದು ಶಿಕ್ಷಕರು ಎರಡು ಚಿತ್ರಗಳನ್ನು ಅವನ ಮುಂದಿಟ್ಟರು. ಒಂದರಲ್ಲಿ ಪೆಟ್ಟಿಗೆಯ ಗೂಡುಗಳು, ಇನ್ನೊಂದರಲ್ಲಿ ಕೊಳವೆಗಳು.

ಆತನು ಬಹಳ ಹೊತ್ತು ನೋಡಿದನು. ಕೊನೆಗೆ, "ಹಂಗಾದ್ರ ಆ ಚಪಲ್ ಏನೂ ಮಾಡಲೇ ಇಲ್ಲೇನ್ರಿ?" ಎಂದು ಕೇಳಿದನು.

ಆ ಪ್ರಶ್ನೆಗೆ ಶಿಕ್ಷಕರು ಕೊಟ್ಟ ಉತ್ತರವನ್ನು ಇಲ್ಲಿ ದಾಖಲಿಸುವುದು ಯೋಗ್ಯವಾಗಿದೆ. 1976ರಿಂದ 2005ರ ಮೇ ತಿಂಗಳವರೆಗೆ, ಇಪ್ಪತ್ತೆಂಟು ವರ್ಷಗಳಿಗೂ ಮಿಗಿಲಾಗಿ ಆ ನೌಕೆ ದೇಶದ ಸೇವೆಯಲ್ಲಿತ್ತು. ಹೊಲದ ಮಂಚಿಗೆಯ ಮೇಲೆ ರಾತ್ರಿಯೆಲ್ಲ ಕುಳಿತ ಕಾವಲುಗಾರನು ಕಳ್ಳನನ್ನು ಹಿಡಿಯದಿದ್ದರೆ ಅವನ ಕಾವಲು ವ್ಯರ್ಥವೆಂದು ಯಾವ ರೈತನೂ ಹೇಳುವುದಿಲ್ಲ. ಕಳ್ಳನು ಬಾರದಿದ್ದುದೇ ಕಾವಲಿನ ಫಲ. ಚಪಲ್ ನೌಕೆಗೆ ಅನ್ಯರ ಕೀರ್ತಿಯನ್ನು ತೊಡಿಸಿದರೆ ಅದರ ಸ್ವಂತ ಸೇವೆ ಮರೆಯಾಗುತ್ತದೆ. ನಿಪಾತ್, ನಿರ್ಘಾತ್, ವೀರ್, ವಿನಾಶ್ ದೋಣಿಗಳಲ್ಲಿ ಪ್ರಾಣವನ್ನು ಪಣವಾಗಿಟ್ಟು ಹೋದವರ ಹೆಸರೂ ಅದರೊಡನೆ ಅಳಿಸಿಹೋಗುತ್ತದೆ. ಆ ಪಣ ಬರಿಯ ಮಾತಿನದಲ್ಲ. ಅದೇ ಯುದ್ಧದಲ್ಲಿ, ಡಿಸೆಂಬರ್ 9ರಂದು, ನಮ್ಮ ಖುಕ್ರಿ ನೌಕೆ ಮುಳುಗಿ 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಜಲಸಮಾಧಿ ಹೊಂದಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ನೌಕೆಯೊಡನೆಯೇ ಮುಳುಗಿದರು. ಇಂತಹ ಕಡಲಿನಲ್ಲಿ ಯಾರು ಎಲ್ಲಿದ್ದರೆಂಬುದನ್ನು ತಪ್ಪಾಗಿ ಬರೆಯುವುದು ಸಣ್ಣ ತಪ್ಪಲ್ಲ.

ದಾನಿಯಾದ ಶಿಷ್ಯನು ಒಪ್ಪಿದನು. ಒಪ್ಪಿದನೆಂಬುದಕ್ಕಿಂತ, ಕೆಲಸದಲ್ಲಿ ಪಾಲುಗೊಂಡನೆಂದರೆ ಸರಿ. ಎರಡು ದಿನ ಊರಿನಲ್ಲಿಯೇ ಉಳಿದು, ಬಾಲ್ಯದಲ್ಲಿ ಕಲಿತ ಹಾಗೆ ಉಜ್ಜುಗೊರಡು ಹಿಡಿದು, ಗೂಡುಗಳಿಗೆ ಹಲಗೆ ಸಿದ್ಧಮಾಡಿ ಕೊಟ್ಟನು. ಕ್ಷಿಪಣಿಯ ರೆಕ್ಕೆ ಈ ಪ್ರಮಾಣದಲ್ಲಿ 4.8 ಸೆಂಟಿಮೀಟರ್, ಗೂಡಿನ ಅಗಲ ಅದಕ್ಕಿಂತ ಮಿಗಿಲಾಗಬೇಕೆಂಬುದು ಮೊದಲ ನಿಯಮ. ಗೂಡಿನ ಉಳಿದ ಅಳತೆಗಳನ್ನು, ನೌಕೆಯ ಗೊತ್ತಿರುವ ಉದ್ದವನ್ನು ಗಜಕಡ್ಡಿಯಾಗಿಟ್ಟುಕೊಂಡು ಪಕ್ಕದಿಂದ ತೆಗೆದ ಛಾಯಾಚಿತ್ರಗಳಿಂದ ತ್ರೈರಾಶಿಯ ಲೆಕ್ಕದಲ್ಲಿ ಪಡೆದರು. ಓರೆಯಾಗಿ ತೆಗೆದ ಚಿತ್ರಗಳಲ್ಲಿ ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಕಿರಿದಾಗಿಯೂ ಕಾಣುವುದರಿಂದ ಅವುಗಳನ್ನು ಅಳತೆಗೆ ಬಳಸದೆ ಆಕಾರವನ್ನು ತಿಳಿಯಲಷ್ಟೇ ಬಳಸಿದರು. ಆಧಾರ ದೊರೆಯದ ಸಣ್ಣಪುಟ್ಟ ಭಾಗಗಳನ್ನು ಕಲ್ಪಿಸಿ ತುಂಬಲಿಲ್ಲ. ಗರಿ ಮುರಿದ ಕಡೆಯಲ್ಲಿ ಪ್ರಾಮಾಣಿಕ ಸಂಪಾದಕನು ಚುಕ್ಕೆಗಳನ್ನಿಟ್ಟು ಮುಂದುವರಿಯುವಂತೆ, ಅವರೂ ಆ ಜಾಗಗಳನ್ನು ಬರಿದಾಗಿ ಬಿಟ್ಟರು.

ಸಿದ್ಧವಾದ ಮಾದರಿಯ ಮೇಲೆ ಕೆ 86 ಎಂಬ ಸಂಖ್ಯೆಯಿದೆ. ಫಲಕದ ಮೇಲೆ 'ನಿಪಾತ್, ಡಿಸೆಂಬರ್ 1971' ಎಂದಿದೆ. ವೈಯಾಕರಣರಿಗೆ ನಿಪಾತವೆಂದರೆ ವಿಭಕ್ತಿಯಿಂದ ಬದಲಾಗದ ಅವ್ಯಯ. ಲೋಕಕ್ಕೆ ನಿಪಾತವೆಂದರೆ ಎರಗಿ ಬೀಳುವುದು. ಎರಡು ಅರ್ಥಗಳೂ ಆ ದೋಣಿಗೆ ಒಪ್ಪುತ್ತವೆ. ಕಡೆದಿಟ್ಟ ನಾಲ್ಕು ಕೊಳವೆಗಳನ್ನು ಶಿಕ್ಷಕರು ಎಸೆಯಲಿಲ್ಲ. ಅದೇ ಕಪಾಟಿನಲ್ಲಿ, ಮಾದರಿಯ ಪಕ್ಕದಲ್ಲಿ, 'ಚಪಲ್ ಮೊದಲಾದ 1976ರ ನಂತರದ ದೋಣಿಗಳ ಕ್ಷಿಪಣಿಗೂಡು' ಎಂಬ ಚೀಟಿಯೊಡನೆ ಇರಿಸಿದರು. ಪೀಠದ ತಳಭಾಗದಲ್ಲಿ ಒಂದು ಕಾಗದ ಅಂಟಿಸಿ, ಯಾವ ಭಾಗ ಕಣ್ಣಾರೆ ಕಂಡು ಮಾಡಿದುದು, ಯಾವುದು ಲೆಕ್ಕದಿಂದ ಪಡೆದುದು, ಯಾವುದು ಗ್ರಂಥವನ್ನು ನಂಬಿ ಮಾಡಿದುದು ಎಂಬುದನ್ನು ಮೂರು ಸಾಲುಗಳಲ್ಲಿ ಬರೆದರು. ಮುಂದೆ ಹೆಚ್ಚು ಬಲ್ಲವನೊಬ್ಬನು ಬಂದರೆ ಎಲ್ಲಿ ತಿದ್ದಬೇಕೆಂಬುದು ಅವನಿಗೆ ತಿಳಿಯಲೆಂಬುದು ಅವರ ಆಶಯ.

ವಿದ್ಯಾಸಂಸ್ಥೆಗಳಿಗೆ ಕಟ್ಟಡ, ಕಪಾಟು, ಪುಸ್ತಕಗಳನ್ನು ಕೊಡುವ ಉದಾರಿಗಳು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಅವರ ಉಪಕಾರ ಸ್ಮರಣೀಯವಾದುದು. ಅದರೊಡನೆ, ಕೊಟ್ಟ ದಾನವು ಸತ್ಯಕ್ಕೆ ಕಪಾಟಾಗಲೆಂದು ತನ್ನ ಇಚ್ಛೆಯ ಫಲಕವನ್ನು ಹಿಂತೆಗೆದುಕೊಳ್ಳುವ ಔದಾರ್ಯವೂ ಒಂದುಂಟು, ಅದು ಅಪರೂಪದ್ದು. ಮಕ್ಕಳು ಆ ಗಾಜಿನ ಮುಂದೆ ನಿಂತು ಪೆಟ್ಟಿಗೆಗೂ ಕೊಳವೆಗೂ ಇರುವ ಭೇದವನ್ನು ಬೆರಳಿಟ್ಟು ತೋರಿಸುವುದನ್ನು ಕಲಿತರೆ, ಮುಂದೆ ಶಾಸನವಾಗಲಿ, ಕಾವ್ಯವಾಗಲಿ, ದಿನಪತ್ರಿಕೆಯ ಸುದ್ದಿಯಾಗಲಿ ಕೈಗೆ ಬಂದಾಗ 'ಇದು ಯಾವ ಕಾಲದ್ದು, ಇದನ್ನು ಹೇಳಿದವರು ಯಾರು' ಎಂದು ಕೇಳುವುದನ್ನೂ ಕಲಿಯುತ್ತಾರೆ. ಶಾಲೆಯೊಂದು ತನ್ನ ಮಕ್ಕಳಿಗೆ ಕೊಡಬಹುದಾದ ಸಂಪತ್ತಿನಲ್ಲಿ ಇದು ಕಿರಿದೇನೂ ಅಲ್ಲ.